ಗೋಡೆಯ ಮೇಲೆ ಬರೆದ ಕಿಟಕಿ ಕ್ಯಾಲೆಂಡರ್ ಆದರೆ: ಕಣ್ಕಟ್ಟು ಚಿತ್ರದ ದೋಷ ಹುಡುಕುವುದು ಹೇಗೆ

ಮೈಸೂರಿನ ಒಂದು ಮನೆ. ಊಟದ ಕೋಣೆಗೆ ಕಿಟಕಿ ಇರುವುದು ಎಡಕ್ಕೆ ಒಂದೇ. ಊಟಕ್ಕೆ ಕೂತವರ ಎದುರಿನ ಬೋಳು ಗೋಡೆಯ ಮೇಲೆ ಇನ್ನೊಂದು ಕಿಟಕಿ ಬರೆದುಕೊಡಿ, ನೋಡಿದವರಿಗೆ ನಿಜ ಅನ್ನಿಸಬೇಕು ಅಂದರು. ಒಪ್ಪಿಕೊಂಡೆ. ಕಿಟಕಿಯಾಚೆ ಚೌಕ ಕಲ್ಲು ಹಾಸಿದ ಅಂಗಳ, ಅದರಾಚೆ ತೆಂಗಿನ ತೋಟ. ಪಕ್ಕದ ಜಾಗ ಖಾಲಿ ಬಿಡುವುದು ಯಾಕೆ ಅಂತ ಒಂದು ಸಣ್ಣ ದೀಪದ ಗೂಡು ಬರೆದು, ಅದರೊಳಗೆ ಒಂದು ಹಿತ್ತಾಳೆ ತಂಬಿಗೆ ಇಟ್ಟೆ. ಕಿಟಕಿಗೆ 9 ದಿನ ಹಿಡಿಯಿತು, ಗೂಡಿಗೆ ಒಂದೂವರೆ ದಿನ.

ಆ ಮನೆಯ ಅಜ್ಜಿ ಬಂದು ನೋಡಿದರು. "ಚೆನ್ನಾಗಿದೆ ಕಣಪ್ಪ, ಕ್ಯಾಲೆಂಡರ್ ಇದ್ದ ಹಾಗಿದೆ" ಅಂದರು. ಆಮೇಲೆ ಪಕ್ಕಕ್ಕೆ ಸರಿದು ತಂಬಿಗೆಗೆ ಕೈ ಚಾಚಿದರು. ಗೋಡೆ ತಗುಲಿದ ಮೇಲೆ ನಕ್ಕರು.

ಅದೇ ಕೈ, ಅದೇ ಬಣ್ಣ, ಅದೇ ಗೋಡೆ. ಗೂಡು ಕಣ್ಣನ್ನು ಏಮಾರಿಸಿತು, ಕಿಟಕಿ ಕ್ಯಾಲೆಂಡರ್ ಆಯಿತು. ಯಾಕೆ ಅಂತ ಹುಡುಕುತ್ತಾ ಹೋದಾಗ ಸಿಕ್ಕ ದೋಷಗಳನ್ನು, ಹುಡುಕಿದ ದಾರಿಯಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಇಂಥ ಚಿತ್ರಕ್ಕೆ ಫ್ರೆಂಚರು ತ್ರಾಂಪ್ ಲಾಯ್ ಅನ್ನುತ್ತಾರೆ. ಕಣ್ಣಿಗೆ ಮೋಸ ಮಾಡುವುದು ಅಂತ ಅರ್ಥ. ನಮ್ಮಲ್ಲಿ ಕಣ್ಕಟ್ಟು ಅನ್ನುವ ಒಳ್ಳೆಯ ಮಾತೇ ಇದೆ. ಕಣ್ಕಟ್ಟು ಕೈಕೊಟ್ಟಾಗ ನಾವು ಮೊದಲು ಮಾಡುವುದು ವಿವರ ಜಾಸ್ತಿ ಮಾಡುವ ಕೆಲಸ. ತೆಂಗಿನ ಗರಿಗೆ ಇನ್ನೊಂದಿಷ್ಟು ಗೆರೆ, ಕಲ್ಲಿಗೆ ಇನ್ನೊಂದಿಷ್ಟು ಬಿರುಕು. ನಾನೂ ಎರಡು ದಿನ ಅದನ್ನೇ ಮಾಡಿದೆ. ಸುಮ್ನೆ ಬಣ್ಣ ದಂಡ. ನೋಡುವವರು ಎಲ್ಲಿರುತ್ತಾರೆ, ಕೋಣೆಗೆ ಬೆಳಕು ಎಲ್ಲಿಂದ ಬರುತ್ತದೆ, ಎಷ್ಟು ಆಳ ತೋರಿಸಲು ಹೊರಟಿದ್ದೇನೆ ಎಂಬ ಮೂರು ವಿಷಯಗಳನ್ನು ಬಣ್ಣ ಕಲಸುವ ಮೊದಲೇ ತಪ್ಪಾಗಿ ತೀರ್ಮಾನಿಸಿದ್ದೆ. ಕುಂಚದಿಂದ ಅದನ್ನು ಸರಿಮಾಡಲು ಆಗುವುದಿಲ್ಲ.

ಮೊದಲು ಫೋನ್, ಆಮೇಲೆ ಕುಂಚ

ನೋಡುವವರು ಸಾಮಾನ್ಯವಾಗಿ ಇರುವ ಜಾಗಕ್ಕೆ ಹೋಗಿ. ಅವರ ಕಣ್ಣಿನ ಎತ್ತರದಲ್ಲಿ ಫೋನ್ ಹಿಡಿದು ಒಂದು ಫೋಟೊ ತೆಗೆಯಿರಿ. ಚಿತ್ರದ ಜೊತೆ ಸುತ್ತಲಿನ ಗೋಡೆ, ನೆಲ, ಒಂದು ಕುರ್ಚಿಯಾದರೂ ಫೋಟೊದಲ್ಲಿ ಬರಬೇಕು. ವೈಡ್ ಲೆನ್ಸ್ ಬೇಡ, ಅದು ಅಂಚುಗಳನ್ನು ಎಳೆದು ಸುಳ್ಳು ಹೇಳುತ್ತದೆ.

ಫೋನಿಗೆ ಇರುವುದು ಒಂದೇ ಕಣ್ಣು, ಅದು ಅಲುಗಾಡುವುದೂ ಇಲ್ಲ. ಹಾಗಾಗಿ ಈ ಒಂದು ಫೋಟೊ ಅರ್ಧ ದೋಷವನ್ನು ಬೇರೆ ಮಾಡಿಕೊಡುತ್ತದೆ. ಫೋಟೊದಲ್ಲಿ ಕಿಟಕಿ ನಿಜದಂತೆ ಕಂಡು, ಕೋಣೆಯಲ್ಲಿ ನಿಂತು ನೋಡಿದರೆ ಚಪ್ಪಟೆ ಅನ್ನಿಸಿದರೆ ನಿಮ್ಮ ಗೆರೆ, ಬೆಳಕು ಎರಡೂ ಸರಿ. ತೊಂದರೆ ಇರುವುದು ಆಳದಲ್ಲಿ, ಇಲ್ಲವೇ ಗೋಡೆಯ ಹೊಳಪಿನಲ್ಲಿ. ಫೋಟೊದಲ್ಲೂ ಚಪ್ಪಟೆ ಅನ್ನಿಸಿದರೆ ಮೊದಲು ಗೆರೆ ಮತ್ತು ಬೆಳಕನ್ನು ಹಿಡಿಯಿರಿ. ಅದೇ ಫೋಟೊವನ್ನು ಕಪ್ಪು ಬಿಳುಪು ಮಾಡಿ ಇನ್ನೊಮ್ಮೆ ನೋಡಿ. ಬಣ್ಣ ಹೋದ ಮೇಲೆ ಕಿಟಕಿಯೂ ಗೋಡೆಯೂ ಒಂದೇ ಬೂದಿಯಲ್ಲಿ ಬೆರೆತುಹೋದರೆ, ನೀವು ಬಣ್ಣದ ಅಂದದಲ್ಲಿ ಮೈಮರೆತು ಕಪ್ಪು ಬಿಳುಪಿನ ಅಳತೆ ಬಿಟ್ಟಿದ್ದೀರಿ ಅಂತಲೇ ಲೆಕ್ಕ.

ಆಮೇಲೆ ಅದೇ ಜಾಗದಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿ. ಎರಡು ಹೆಜ್ಜೆ ಎಡಕ್ಕೆ, ಎರಡು ಹೆಜ್ಜೆ ಬಲಕ್ಕೆ ನಡೆದು ನೋಡಿ. ನನ್ನ ಗೂಡು ಎಲ್ಲ ಪರೀಕ್ಷೆಯಲ್ಲೂ ಪಾಸಾಯಿತು. ಕಿಟಕಿ ಎಲ್ಲದರಲ್ಲೂ ಫೇಲು. ಅಂದರೆ ಅದಕ್ಕೆ ಅಂಟಿದ್ದು ಒಂದೇ ಕಾಯಿಲೆಯಾಗಿರಲಿಲ್ಲ.

ಅಂಗಳ ಜಾರುಬಂಡಿಯಂತೆ ಕಂಡರೆ

ನನ್ನ ಕಲ್ಲು ಹಾಸಿದ ಅಂಗಳ ಮಟ್ಟಸವಾಗಿ ಕಾಣುತ್ತಿರಲಿಲ್ಲ. ಹಿಂದಕ್ಕೆ ಹೋಗುತ್ತಾ ಮೇಲಕ್ಕೇರುತ್ತಿತ್ತು. ಜೊತೆಗೆ ಚೌಕ ಕಲ್ಲುಗಳು ಉದ್ದುದ್ದ ಹಲಗೆಗಳ ಹಾಗೆ ಕಾಣುತ್ತಿದ್ದವು. ಇವು ಎರಡು ಬೇರೆ ಬೇರೆ ದೋಷ. ಎರಡನ್ನೂ ಒಂದು ದಾರ, ಒಂದು ಮೊಳೆ ಇಟ್ಟುಕೊಂಡು ಪತ್ತೆ ಮಾಡಬಹುದು.

ಹಿಂದಕ್ಕೆ ಓಡುವ ಗೆರೆಗಳ ಮೇಲೆ ದಾರ ಹಿಡಿದು ಮುಂದಕ್ಕೆ ಎಳೆಯಿರಿ. ಎಲ್ಲವೂ ಒಂದೇ ಕಡೆ ಸೇರಬೇಕು. ಅದನ್ನು ಕೂಡುಬಿಂದು ಅನ್ನೋಣ. ಸೇರದಿದ್ದರೆ ಬೇರೇನೂ ನೋಡಬೇಡಿ, ಮೊದಲು ಅದನ್ನು ಸರಿಮಾಡಿ. ನನ್ನವು ಸೇರಿದವು. ಆದರೆ ಸೇರಿದ ಜಾಗ ನೆಲದಿಂದ 5 ಅಡಿ ಎತ್ತರದಲ್ಲಿತ್ತು. ನಿಂತು ಬರೆದವನು ನಾನು, ಅದು ನನ್ನ ಕಣ್ಣಿನ ಮಟ್ಟ. ಊಟದ ಕೋಣೆಯಲ್ಲಿ ಯಾರಾದರೂ ನಿಂತಿರುತ್ತಾರಾ? ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ 4 ಅಡಿಗಿಂತ ಸ್ವಲ್ಪ ಕೆಳಗೇ ಇರುತ್ತದೆ. ತಮ್ಮ ಕಣ್ಣಿಗಿಂತ ಒಂದಡಿ ಮೇಲಕ್ಕೆ ಓಡುವ ನೆಲವನ್ನು ಅವರು ಏರು ಅಂತಲೇ ಓದುತ್ತಾರೆ.

ಇಟಲಿಯ ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನ ಗೋಡೆಯಲ್ಲಿ ಚಿತ್ರಕಾರ ಮಸಾಚ್ಚೊ 1427ರ ಸುಮಾರಿಗೆ ಒಂದು ಕಮಾನಿನ ಕೋಣೆಯನ್ನೇ ಬರೆದಿದ್ದಾನೆ, ಗೋಡೆ ಕೊರೆದು ಒಳಗೆ ಕಟ್ಟಿದಂತೆ. ಅದರ ಕೂಡುಬಿಂದು ಚಿತ್ರದೊಳಗಿನ ಶಿಲುಬೆಯ ಬುಡದ ಹತ್ತಿರ, ನೋಡಲು ನಿಂತವರ ಕಣ್ಣಿನ ಮಟ್ಟದಲ್ಲೇ ಇದೆ. ಗಾರೆ ಹಸಿ ಇದ್ದಾಗ ಗೀರಿದ ಗೆರೆಗಳು ಇವತ್ತಿಗೂ ಸಿಗುತ್ತವೆ. ಆರು ಶತಮಾನದ ಹಿಂದೆಯೂ ಅವರು ಮಾಡಿದ್ದು ದಾರದ ಕೆಲಸವೇ.

ಇನ್ನು ಉದ್ದುದ್ದ ಕಲ್ಲಿನ ದೋಷ. ಗೋಡೆಗೆ ನೇರವಾಗಿ ಹಾಸಿದಂತೆ ಬರೆದ ಒಂದು ಚೌಕ ಕಲ್ಲನ್ನು ಹುಡುಕಿ. ಅದರ ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದು, ಕಣ್ಣಿನ ಮಟ್ಟದ ಗೆರೆ, ಅಂದರೆ ಕೂಡುಬಿಂದುವಿನ ಮೂಲಕ ಹಾಯುವ ಅಡ್ಡ ಗೆರೆ, ತಾಗುವವರೆಗೆ ಎಳೆಯಿರಿ. ಅದು ತಾಗಿದ ಜಾಗದಿಂದ ಕೂಡುಬಿಂದುವಿಗೆ ಟೇಪ್ ಹಿಡಿದು ಅಳೆಯಿರಿ. ಅಲ್ಲಿ ಎಷ್ಟು ಅಡಿ ಬರುತ್ತದೋ, ಗೋಡೆಯಿಂದ ಅಷ್ಟೇ ಅಡಿ ದೂರ ನಿಂತವರಿಗೆ ಮಾತ್ರ ನಿಮ್ಮ ಅಂಗಳ ಸರಿಯಾಗಿ ಕಾಣುತ್ತದೆ. ನನಗೆ ಬಂದದ್ದು ನಾಲ್ಕೂವರೆ ಅಡಿ. ಆ ಜಾಗದಲ್ಲಿ ಊಟದ ಮೇಜು ಇದೆ! ಜನ ಕೂರುವುದು ಮೇಜಿನ ಆಚೆ, 10 ಅಡಿ ದೂರದಲ್ಲಿ. ಹತ್ತಿರದಿಂದ ನೋಡಲು ಬರೆದ ಚಿತ್ರವನ್ನು ದೂರದಿಂದ ನೋಡಿದರೆ ಆಳ ಹಿಗ್ಗಿ ಕಾಣುತ್ತದೆ, ಚೌಕ ಹಲಗೆಯಾಗುತ್ತದೆ. ಇಷ್ಟೂ ತಿಳಿದ ಮೇಲೆ ಅಂಗಳವನ್ನು ಅಳಿಸಿ ಮತ್ತೆ ಬರೆಯದೆ ಬೇರೆ ದಾರಿ ಇರಲಿಲ್ಲ.

"ಎಲ್ಲ ಕಡೆಯಿಂದಲೂ ಸರಿ ಕಾಣಬೇಕು" ಅಂತ ಗಿರಾಕಿ ಕೇಳಿದರೆ ಮೊದಲೇ ಆಗುವುದಿಲ್ಲ ಅಂತ ಹೇಳಿಬಿಡಿ. ಆಳದ ದೃಶ್ಯಕ್ಕೆ ಅದು ಯಾರ ಕೈಯಲ್ಲೂ ಆಗಿಲ್ಲ. ರೋಮ್‌ನ ಸಾಂತ್ ಇನ್ಯಾಸಿಯೊ ಚರ್ಚಿನಲ್ಲಿ ನಿಜವಾದ ಗುಮ್ಮಟ ಕಟ್ಟಲಾಗಲಿಲ್ಲ. 1685ರಲ್ಲಿ ಆಂಡ್ರಿಯಾ ಪೊಟ್ಸೊ ದೊಡ್ಡ ಕ್ಯಾನ್‌ವಾಸಿನ ಮೇಲೆ ಗುಮ್ಮಟ ಬರೆದು ಮೇಲಕ್ಕೆ ಕಟ್ಟಿದ. ಕೆಳಗೆ ನೆಲದಲ್ಲಿ ಒಂದು ಗುರುತಿನ ಕಲ್ಲು ಇದೆ, ಅಲ್ಲಿಂದ ನೋಡಿದರೆ ಗುಮ್ಮಟ ಗುಮ್ಮಟವೇ. ಅಲ್ಲಿಂದ ದೂರ ಹೋದಂತೆ ವಾಲುತ್ತದೆ. ಇದನ್ನು ದೋಷ ಅಂದವರಿಗೆ ಪೊಟ್ಸೊ 1693ರ ತನ್ನ ಪುಸ್ತಕದಲ್ಲೇ ಉತ್ತರ ಕೊಟ್ಟ: ಒಂದು ಗೊತ್ತಾದ ಜಾಗದಿಂದ ನಿಜ ಕಂಡರೆ ಸಾಕು, ಎಲ್ಲ ಕಡೆಯಿಂದ ಕಾಣಿಸುವ ಹೊಣೆ ಚಿತ್ರಕಾರನದಲ್ಲ ಅಂತ. ನಾನಂತೂ ಈಗ ಗಿರಾಕಿಯ ಹತ್ತಿರ ಮೊದಲು ಕೇಳುವ ಪ್ರಶ್ನೆಯೇ ಇದು: ಯಾವ ಕುರ್ಚಿಗೆ ಬರೆಯಲಿ? ಹಜಾರವಾದರೆ ಬಾಗಿಲಲ್ಲಿ ಕಾಲಿಟ್ಟ ಜಾಗಕ್ಕೆ ಬರೆಯುತ್ತೇನೆ. ಮೊದಲ ನೋಟದಲ್ಲಿ ಏಮಾರಿದವರು ಆಮೇಲೆ ವಾಲಿದ್ದನ್ನು ಕ್ಷಮಿಸುತ್ತಾರೆ.

ಚೌಕಟ್ಟು ಅಂಟಿಸಿದಂತೆ ಕಂಡರೆ

ಇದಕ್ಕೆ ಕಾರಣ ಬಹುಪಾಲು ಬೆಳಕು. ಕೋಣೆಯ ನಿಜವಾದ ಕಿಟಕಿ ಎಡಕ್ಕಿದೆ ಅಂದೆನಲ್ಲ. ಅಲ್ಲಿರುವ ಪ್ರತಿಯೊಂದು ವಸ್ತುವಿನ ನೆರಳು ಬಲಕ್ಕೆ ಬೀಳುತ್ತದೆ, ಸ್ವಿಚ್ ಬೋರ್ಡಿನದೂ ಸೇರಿ. ನಾನು ಕಿಟಕಿಯ ಮರದ ಚೌಕಟ್ಟನ್ನು ಯಾವುದೋ ಫೋಟೊ ನೋಡಿ ಬರೆದಿದ್ದೆ. ಅದರಲ್ಲಿ ಬೆಳಕು ಬಲದಿಂದ ಬಂದಿತ್ತು. ನೋಡಿದವರಿಗೆ ಏನು ತಪ್ಪು ಅಂತ ಹೇಳಲು ಬರುವುದಿಲ್ಲ, ಆದರೆ ಮನಸ್ಸು ಒಪ್ಪುವುದಿಲ್ಲ. ಗೂಡನ್ನು ಮಾತ್ರ ಫೋಟೊ ಇಲ್ಲದೆ, ಒಂದು ರಟ್ಟಿನ ಪೆಟ್ಟಿಗೆಯನ್ನು ಅದೇ ಗೋಡೆಗೆ ಆನಿಸಿ, ಒಳಗೆ ತಂಬಿಗೆ ಇಟ್ಟು ನೋಡಿ ಬರೆದಿದ್ದೆ. ಹಾಗಾಗಿ ಅದರ ನೆರಳು ತಾನಾಗಿ ಸರಿ ಬಂತು. ಈ ಪೆಟ್ಟಿಗೆಯ ಉಪಾಯ ಹತ್ತು ವಿಡಿಯೊ ನೋಡುವುದಕ್ಕಿಂತ ಮೇಲು.

ಫ್ಲಾರೆನ್ಸಿನಲ್ಲೇ ಇರುವ ಬ್ರಾಂಕಾಚ್ಚಿ ಚಾಪೆಲ್‌ನಲ್ಲಿ ಚಿತ್ರದೊಳಗಿನ ಬೆಳಕು ಆ ಕೋಣೆಯ ನಿಜವಾದ ಕಿಟಕಿಯ ಕಡೆಯಿಂದಲೇ ಬರುವಂತೆ ಬರೆಯಲಾಗಿದೆ. ಸಿನಿಮಾ ಸೆಟ್ ಬರೆಯುವವರೂ ಲೈಟ್ ಎಲ್ಲಿ ಇಡುತ್ತೀರಿ ಅಂತ ಕೇಳದೆ ನೆರಳು ಹಾಕುವುದಿಲ್ಲ.

ನೆರಳು ಸರಿಯಾದ ಕಡೆ ಇದ್ದೂ ಮಸಿಯಂತೆ ಕಂಡರೆ, ನೀವು ಕಪ್ಪು ಬಣ್ಣ ಬಳಸಿದ್ದೀರಿ. ಗೋಡೆಯ ಮೇಲೆ ಬೀಳುವ ನೆರಳು ಎಂದರೆ ಬೆಳಕು ಕಡಿಮೆಯಾದ ಗೋಡೆ, ಅಷ್ಟೇ. ಹಾಗಾಗಿ ಗೋಡೆಗೆ ಹಚ್ಚಿದ ಅದೇ ಡಬ್ಬಿಯ ಪೇಂಟನ್ನು ಸ್ವಲ್ಪ ತೆಗೆದುಕೊಂಡು, ಅದಕ್ಕೆ ಕಂದು ಮತ್ತು ಒಂದು ಹನಿ ನೀಲಿ ಸೇರಿಸಿ ನೆರಳು ಮಾಡಿಕೊಳ್ಳಿ. ವಸ್ತು ಗೋಡೆಯನ್ನು ತಾಗುವ ಕಡೆ ಗಾಢ ಮತ್ತು ಚೂಪು, ದೂರ ಹೋದಂತೆ ತಿಳಿ ಮತ್ತು ಮಸುಕು. ಒಣಗಿದ ಮೇಲೆ ಬಣ್ಣ ಬದಲಾಗುತ್ತದೆ ಅನ್ನುವುದನ್ನೂ ಮರೆಯಬೇಡಿ. ಅಕ್ರಿಲಿಕ್ ಒಣಗಿದರೆ ಸ್ವಲ್ಪ ಗಾಢವಾಗುತ್ತದೆ, ಸುಣ್ಣ ಮತ್ತು ಡಿಸ್ಟೆಂಪರ್ ತಿಳಿಯಾಗುತ್ತವೆ. ಮೂಲೆಯಲ್ಲಿ ಒಂದು ಪಟ್ಟಿ ಹಚ್ಚಿ, ಕಾಫಿ ಕುಡಿದು ಬಂದು ನೋಡಿ.

ಹೊರಗಿನ ಬಿಸಿಲು ಮಂಕಾಗಿದ್ದರೆ

ಕಿಟಕಿ ಬರೆಯುವವರಿಗೆ ಕಾದಿರುವ ದೊಡ್ಡ ಗುಂಡಿ ಇದು. ಹಗಲು ಹೊತ್ತಿನಲ್ಲಿ ಮನೆಯೊಳಗಿನಿಂದ ಹೊರಗೆ ನೋಡಿ. ಹೊರಗಿನ ಬಿಸಿಲು ಒಳಗಿನ ಬೆಳಕಿಗಿಂತ ಎಷ್ಟೋ ಪಟ್ಟು ಜಾಸ್ತಿ. ನಿಮ್ಮ ಹತ್ತಿರ ಇರುವ ಅತಿ ಬಿಳಿ ಬಣ್ಣ ಕೂಡ ಕೋಣೆಯ ಬೆಳಕನ್ನು ವಾಪಸ್ ಕಳಿಸುತ್ತದೆಯೇ ಹೊರತು ತಾನಾಗಿ ಬೆಳಗುವುದಿಲ್ಲ. ಸುತ್ತ ಬಿಳಿ ಗೋಡೆ ಇಟ್ಟುಕೊಂಡು ನಡುವೆ ಬಿಸಿಲು ಬರೆದರೆ ಆ ಬಿಸಿಲು ಗೋಡೆಗಿಂತ ಮಂಕಾಗಿಯೇ ಇರುತ್ತದೆ. ಎಷ್ಟು ಬಿಳಿ ಸುರಿದರೂ ಅಷ್ಟೇ.

ಮದ್ದು ಒಂದೇ, ಸುತ್ತಲಿನದನ್ನು ಕಪ್ಪಾಗಿಸುವುದು. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ದೀಪ ಹಿಡಿದ ಹೆಣ್ಣಿನ ಚಿತ್ರ ನೋಡದೆ ಬರುವುದಿಲ್ಲ ಅಲ್ವಾ. ಎಸ್. ಎಲ್. ಹಲ್ದಣಕರ್ ಅವರ ಜಲವರ್ಣ ಅದು. ಈಗಲೂ ಎಷ್ಟೋ ಜನ ರವಿವರ್ಮರದ್ದು ಅಂದುಕೊಂಡು ಮನೆಗೆ ಹೋಗುತ್ತಾರೆ, ಅದು ಬೇರೆ ಮಾತು. ದೀಪದ ಬೆಳಕು ಅವಳ ಬೆರಳ ಸಂದಿಯಿಂದ ನಿಜಕ್ಕೂ ಹೊಮ್ಮುತ್ತಿದೆ ಅನ್ನಿಸುತ್ತದೆ. ಹತ್ತಿರ ಹೋಗಿ ಬೆಳಕು ಬಿಟ್ಟು ಉಳಿದದ್ದನ್ನು ನೋಡಿ. ಬೆರಳು, ಮುಖ, ಸೀರೆಯ ಒಂದು ಪಾಲು ಬಿಟ್ಟರೆ ಚಿತ್ರದ ಬಹುಭಾಗ ಕತ್ತಲೆಗೆ ಇಳಿದಿದೆ. ಹೊಳಪು ಹುಟ್ಟಿದ್ದು ಆ ಕತ್ತಲೆಯಿಂದ. ನಾನು ಮಾಡಿದ್ದೂ ಇಷ್ಟೇ: ಚೌಕಟ್ಟನ್ನು ತಿಳಿ ತೇಗದ ಬಣ್ಣದಿಂದ ಹಳೆಯ ಬೀಟೆ ಮರದ ಬಣ್ಣಕ್ಕೆ ಇಳಿಸಿದೆ, ಆ ಒಂದು ಗೋಡೆಗೆ ಬಿಳಿಯ ಬದಲು ತಿಳಿ ಮಣ್ಣಿನ ಬಣ್ಣ ಹಚ್ಚಿಸಿದೆ. ಕಿಟಕಿಯಾಚೆಯ ಬಣ್ಣಕ್ಕೆ ಕೈ ಹಾಕದೆಯೇ ಅದು ಎಷ್ಟೋ ಬೆಳಗಿತು.

ಫೋಟೊದಲ್ಲಿ ನಿಜ, ಕೋಣೆಯಲ್ಲಿ ಸುಳ್ಳು

ಗೆರೆ ತಿದ್ದಿ, ನೆರಳು ತಿರುಗಿಸಿ, ಗೋಡೆಗೆ ಬಣ್ಣ ಬದಲಿಸಿ ಇಷ್ಟೆಲ್ಲ ಆದ ಮೇಲೆ ಫೋಟೊ ಅದ್ಭುತವಾಗಿ ಬಂತು. ಒಂದು ಕಣ್ಣು ಮುಚ್ಚಿದರೂ ಚೆನ್ನಾಗಿತ್ತು. ಎರಡೂ ಕಣ್ಣು ಬಿಟ್ಟರೆ ಮತ್ತೆ ಕ್ಯಾಲೆಂಡರ್.

ಮುಖದ ಮುಂದೆ ಒಂದು ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಅತ್ತಿತ್ತ ಜಿಗಿಯುತ್ತದೆ, ದೂರದ ಗೋಡೆ ಜಿಗಿಯುವುದಿಲ್ಲ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರ ಇದೆ. ಈ ಎರಡು ನೋಟಗಳ ವ್ಯತ್ಯಾಸದಿಂದಲೇ ಮಿದುಳು ಹತ್ತಿರ ಯಾವುದು, ದೂರ ಯಾವುದು ಅಂತ ಲೆಕ್ಕ ಹಾಕುತ್ತದೆ. ತಲೆ ಅಲುಗಿಸಿದಾಗಲೂ ಇದೇ ಲೆಕ್ಕ. ನಿಜವಾದ ಕಿಟಕಿಯಾದರೆ ತಲೆ ಸರಿಸಿದಾಗ ಚೌಕಟ್ಟಿನ ಹಿಂದೆ ತೆಂಗಿನ ಮರ ಜಾರಬೇಕು. ನನ್ನ ತೆಂಗಿನ ಮರ ಚೌಕಟ್ಟಿಗೇ ಅಂಟಿಕೊಂಡಿತ್ತು. ಇದನ್ನು ಯಾವ ಬಣ್ಣವೂ ಸರಿಮಾಡುವುದಿಲ್ಲ.

ಗೂಡು ಯಾಕೆ ಗೆದ್ದಿತು ಅಂತ ಆಗ ಹೊಳೆಯಿತು. ಗೂಡಿನ ಆಳ ಇದ್ದದ್ದು 5 ಅಂಗುಲ. 10 ಅಡಿ ದೂರದಿಂದ 5 ಅಂಗುಲದ ವ್ಯತ್ಯಾಸ ಎರಡು ಕಣ್ಣಿಗೆ ಬಹಳ ಕಡಿಮೆ, ಇದ್ದಕ್ಕಿದ್ದಂತೆ ನೋಡಿದವರು ಅದನ್ನು ಗಮನಿಸುವುದಿಲ್ಲ. ತೋಟದ ಆಳ ನೂರಡಿ. ಅಲ್ಲಿ ಕಣ್ಣು ಒಂದು ಕ್ಷಣವೂ ಏಮಾರುವುದಿಲ್ಲ.

ಈ ಕೆಲಸದಲ್ಲಿ ಹೆಸರು ಮಾಡಿದ ಚಿತ್ರಗಳನ್ನು ಸಾಲಾಗಿ ನೋಡಿದರೆ ಬಹಳಷ್ಟು ತೆಳು ಆಳದವು. ಕರೆಲ್ ಫಾಬ್ರಿಟಿಯಸ್ 1654ರಲ್ಲಿ ಬರೆದ ಪುಟ್ಟ ಹಕ್ಕಿ ಗೋಡೆಗೆ ಹೊಡೆದ ಕಾಳಿನ ಪೆಟ್ಟಿಗೆಯ ಕಂಬಿಯ ಮೇಲೆ ಕೂತಿದೆ. 1670ರಲ್ಲಿ ಗೈಸ್ಬ್ರೆಕ್ಟ್ಸ್ ಒಂದು ಚಿತ್ರದ ಬೆನ್ನನ್ನೇ ಬರೆದ, ಮರದ ಪಟ್ಟಿ, ಮೊಳೆ, ಮೂಲೆಯಲ್ಲಿ ಅಂಟಿಸಿದ ನಂಬರ್ ಚೀಟಿ ಸಮೇತ. ಅದರ ಆಳ ಅರ್ಧ ಅಂಗುಲವೂ ಇಲ್ಲ, ನನ್ನ ಲೆಕ್ಕದಲ್ಲಿ ಈ ಜಾತಿಯ ಚಿತ್ರಗಳಿಗೆಲ್ಲ ಅದೇ ರಾಜ. ಪ್ರಾಚೀನ ರೋಮಿನ ಲೇಖಕ ಪ್ಲಿನಿ ಹೇಳಿದ, ಇಬ್ಬರು ಚಿತ್ರಕಾರರ ಪಂದ್ಯದ ಹಳೆಯ ಗ್ರೀಕ್ ಕಥೆಯೂ ಇದನ್ನೇ ಹೇಳುತ್ತದೆ. ಝ್ಯೂಕ್ಸಿಸ್ ಬರೆದ ದ್ರಾಕ್ಷಿಗೆ ಹಕ್ಕಿಗಳು ಏಮಾರಿದವಂತೆ. ಆದರೆ ಝ್ಯೂಕ್ಸಿಸ್ ತಾನೇ ಏಮಾರಿದ್ದು ಪಾರಾಸಿಯಸ್ ಬರೆದ ಪರದೆಗೆ. ಅದನ್ನು ಸರಿಸಿ ಚಿತ್ರ ತೋರಿಸು ಅಂದನಂತೆ. ಪರದೆಯ ಆಳ ಎಷ್ಟು ಹೇಳಿ? ಎರಡು ಬೆರಳು.

ಹಾಗಾದರೆ ಪೊಟ್ಸೊನ ಗುಮ್ಮಟ ಹೇಗೆ ನಿಂತಿತು ಅಂತ ಕೇಳಬಹುದು. ಅದು ತಲೆಯ ಮೇಲೆ ಅಷ್ಟು ಎತ್ತರದಲ್ಲಿದೆ. ಅಷ್ಟು ದೂರಕ್ಕೆ ಎರಡು ಕಣ್ಣಿನ ಲೆಕ್ಕ ಸೋಲುತ್ತದೆ. 10 ಅಡಿ ಎತ್ತರದ ತಾರಸಿಗೆ ಆಕಾಶ ಬರೆಸುವವರು ಇದನ್ನು ಒಮ್ಮೆ ಯೋಚಿಸಬೇಕು. 17ನೇ ಶತಮಾನದ ಡಚ್ ಚಿತ್ರಕಾರ ಸ್ಯಾಮ್ಯುಯೆಲ್ ವಾನ್ ಹೋಗ್‌ಸ್ಟ್ರಾಟನ್ ಇನ್ನೂ ಜಾಣ. ಒಂದು ಪೆಟ್ಟಿಗೆಯೊಳಗೆ ಇಡೀ ಮನೆ ಬರೆದು, ನೋಡಲು ಕಣ್ಣಿನಷ್ಟು ತೂತು ಇಟ್ಟ. ಒಂದೇ ಕಣ್ಣು, ಒಂದೇ ಜಾಗ, ತಲೆ ಅಲ್ಲಾಡಿಸುವ ಹಾಗಿಲ್ಲ. ಗಿರಾಕಿಯನ್ನು ಹಾಗೆ ಕಟ್ಟಿಹಾಕುವ ಭಾಗ್ಯ ನಮಗೆಲ್ಲಿ.

ನಮ್ಮ ಕಂಪನಿ ನಾಟಕಗಳ ಬೀದಿ ಪರದೆಯೂ ನೆನಪಿಗೆ ಬರುತ್ತದೆ. ಎರಡೂ ಕಡೆ ಮಹಡಿ ಮನೆ, ನಡುವೆ ಸಣ್ಣಗಾಗುತ್ತಾ ಹೋಗುವ ರಸ್ತೆ. ಮುಂದಿನ ಬೆಂಚಿನವರಿಗಿಂತ ಹಿಂದೆ ಕೂತವರಿಗೆ ಅದು ಚೆನ್ನಾಗಿ ಕಾಣುತ್ತದೆ. ಪಾತ್ರಧಾರಿ ಪರದೆಗೆ ತಾಗಿ ನಿಂತರೆ ದೂರದ ಮಹಡಿಗಿಂತ ಎತ್ತರದ ರಾಕ್ಷಸನಾಗುತ್ತಾನೆ. ಹಾಗಾಗಿ ಮುಂದೆಯೇ ನಿಂತು ಹಾಡಬೇಕು. ಮನೆಯ ಗೋಡೆಗೂ ಇದೇ ದೋಷ ಉಂಟು. ಬರೆದ ಅಂಗಳದ ಪಕ್ಕ ಫ್ರಿಜ್ ತಂದಿಟ್ಟರೆ ಅಂಗಳ ಆಟದ ಸಾಮಾನಾಗುತ್ತದೆ.

ನಾನು ಕೊನೆಗೆ ಮಾಡಿದ ರಿಪೇರಿ ಹೀಗೆ. ಕಿಟಕಿಯ ಒಂದು ಬಾಗಿಲನ್ನು ಪೂರ್ತಿ ಮುಚ್ಚಿದೆ. ಇನ್ನೊಂದನ್ನು ಒಂದು ಗೇಣು ತೆರೆದು, ಅದರ ಮುಂದೆ ಕಬ್ಬಿಣದ ಸರಳು, ಸರಳಿನ ಹಿಂದೆ ಅರ್ಧ ಎಳೆದ ಹತ್ತಿ ಪರದೆ. ತೋಟದ ಪೈಕಿ ಉಳಿದದ್ದು ಪರದೆಯ ಪಕ್ಕದ ಒಂದು ಹಸಿರು ಸೀಳು. ಅಂಗಳ ಪೂರ್ತಿ ಹೋಯಿತು, ಅದರ ಜೊತೆ ನನ್ನ 9 ದಿನ. ಈಗ ನೂರಡಿ ಆಳ 4 ಅಂಗುಲಕ್ಕೆ ಇಳಿದಿದೆ. ಮನೆಯವರಿಗೆ ತೋಟ ಹೋದದ್ದಕ್ಕೆ ಬೇಜಾರು. ಅಜ್ಜಿ ಮಾತ್ರ "ಬಾಗಿಲು ಹಾಕಿದ್ದು ಒಳ್ಳೇದಾಯ್ತು, ಸೊಳ್ಳೆ ಬರಲ್ಲ" ಅಂದರು.

ಇನ್ನು ಸಣ್ಣಪುಟ್ಟವು

ಬಲ್ಬಿನ ಪ್ರತಿಬಿಂಬ ಚಿತ್ರದ ಮೇಲೆ ಹೊಳೆದರೆ ಆಟ ಮುಗಿಯಿತು, ಅಲ್ಲಿ ಗೋಡೆ ಇದೆ ಅಂತ ಕಣ್ಣಿಗೆ ಗೊತ್ತಾಗುತ್ತದೆ. ಮೇಲೆ ಮ್ಯಾಟ್ ವಾರ್ನಿಷ್ ಹಾಕಿ. ಬರೆಯುವ ಮೊದಲು ಟಾರ್ಚನ್ನು ಗೋಡೆಗೆ ಒತ್ತಿ ಅಡ್ಡಲಾಗಿ ಬಿಟ್ಟು ನೋಡಿ, ಪುಟ್ಟಿಯ ಏರಿಳಿತ ಎಲ್ಲ ಎದ್ದು ಕಾಣುತ್ತದೆ. ಆಗಲೇ ಸ್ಯಾಂಡ್‌ಪೇಪರ್ ಹಿಡಿಯಿರಿ.

ವಸ್ತುಗಳು ನಿಜದ ಅಳತೆಯಲ್ಲೇ ಇರಲಿ. ತಂಬಿಗೆ ಮುಕ್ಕಾಲು ಅಳತೆಯಲ್ಲಿದ್ದರೆ ಅದು ತಂಬಿಗೆಯ ಚಿತ್ರ. ಯಾವ ವಸ್ತುವನ್ನೂ ಚಿತ್ರದ ಅಂಚು ಅರ್ಧಕ್ಕೆ ಕತ್ತರಿಸಬಾರದು. ಅಂಚನ್ನು ದಾಟಿ ಹೊರಗೆ ಬಂದರೆ ಅಡ್ಡಿಯಿಲ್ಲ. 1874ರಲ್ಲಿ ಪೆರೆ ಬೊರೆಲ್ ದೆಲ್ ಕಾಸೊ ಬರೆದ ಹುಡುಗ ಚೌಕಟ್ಟಿನ ಮೇಲೆ ಕಾಲಿಟ್ಟು ಹೊರಗೇ ಹಾರುತ್ತಿದ್ದಾನೆ.

ರಸ್ತೆಯ ಮೇಲೆ ಬರೆಯುವ ಗುಂಡಿ, ಸೇತುವೆಗಳದ್ದು ಬೇರೆ ಲೆಕ್ಕ. ಅವು ಒಂದು ಕಡೆಯಿಂದ ಮಾತ್ರ ಕೆಲಸ ಮಾಡುತ್ತವೆ, ಎದುರು ದಿಕ್ಕಿನಿಂದ ನೋಡಿದರೆ ಎಳೆದ ಮೈದಾ ಹಿಟ್ಟು. ಚಿತ್ರಕಾರ ಹೋಲ್ಬೀನ್ 1533ರ ಚಿತ್ರದಲ್ಲಿ ಅಡ್ಡಡ್ಡ ಎಳೆದ ತಲೆಬುರುಡೆ ಇಟ್ಟದ್ದೂ ಇದೇ ಲೆಕ್ಕದಲ್ಲಿ, ಪಕ್ಕದಿಂದ ನೋಡಿದರೆ ಮಾತ್ರ ಅದು ಬುರುಡೆ. 2019ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಗುಂಡಿ ಬಿದ್ದ ರಸ್ತೆಯನ್ನು ಚಂದ್ರನ ನೆಲ ಮಾಡಿ, ಅಂತರಿಕ್ಷಯಾನಿಯನ್ನು ನಡೆಸಿದ್ದು ನೆನಪಿದೆಯಾ? ರಾತ್ರಿಯ ಮಬ್ಬು, ಒಂದೇ ಕ್ಯಾಮೆರಾ. ಪಕ್ಕದಲ್ಲಿ ಆಟೊ ಹಾದುಹೋಗುವವರೆಗೂ ಚಂದ್ರನೇ.

ನನ್ನ ಗೋಡೆಯಲ್ಲಿ ಒಂದು ದೋಷ ಹಾಗೇ ಉಳಿದಿದೆ. ಆ ಕೋಣೆಯ ಟ್ಯೂಬ್‌ಲೈಟ್ ಚಿತ್ರದ ಎದುರಿನ ಗೋಡೆಯಲ್ಲಿದೆ. ರಾತ್ರಿ ಅದನ್ನು ಹಾಕಿದರೆ ಬೆಳಕು ನೇರ ಗೂಡಿನ ಮುಖಕ್ಕೆ ಬೀಳುತ್ತದೆ. ನಿಜವಾದ ಗೂಡಾಗಿದ್ದರೆ ಒಳಗಿನ ನೆರಳು ಆಗ ಬಹಳಷ್ಟು ಹೋಗಬೇಕು. ನಾನು ಬರೆದ ನೆರಳು ಹೋಗುವುದಿಲ್ಲ. ಎಡಗಡೆ ಕಿಟಕಿಯ ಮೇಲ್ಗಡೆ ಒಂದು ಲೈಟ್ ಹಾಕಿಸಿ ಅಂತ ಎರಡು ಸಲ ಹೇಳಿದ್ದೇನೆ. ಎಲೆಕ್ಟ್ರಿಷಿಯನ್ ಇನ್ನೂ ಬಂದಿಲ್ಲವಂತೆ.